12 ಸಾವಿರದ ಡಬ್ಬವೋ, 17 ಸಾವಿರದ್ದೋ?

ಪ್ರಶ್ನೆ: ತಿಪಟೂರಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ಲಿನಕ್ಸ್ ಅಡ್ಮಿನ್ (ಸರ್ವರ್ ನೋಡಿಕೊಳ್ಳುವ) ಕೆಲಸಕ್ಕೆ ಹೋಗಬೇಕೆಂಬ ಆಸೆ. ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೆ ಎರಡು ಗಂಟೆ ಸಿಗುತ್ತದೆ, ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೊಡುವುದಿಲ್ಲ. ಮನೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್ (4 ಜಿಬಿ ರ‍್ಯಾಮ್) ಮತ್ತು ಒಂದು ವಿಜಿಎ ಮಾನಿಟರ್ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮೂರು ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಷನ್ (ಭಾರಿ ಕೆಲಸದ ಡೆಸ್ಕ್‌ಟಾಪ್) ತೋರಿಸಿದರು. ಎಚ್‌ಪಿ ಝಡ್420, ಝಿಯಾನ್ ಇ5-1620, 16 ಜಿಬಿ, 12,000 ರೂ. ಎಚ್‌ಪಿ ಝಡ್440, ಝಿಯಾನ್ ಇ5-1620 ವಿ3, 16 ಜಿಬಿ, ಕ್ವಾಡ್ರೊ ಕೆ620 ಕಾರ್ಡ್, 500 ಜಿಬಿ ಹಾರ್ಡ್‌ಡಿಸ್ಕ್, 17,500 ರೂ. ಡೆಲ್ ಪ್ರಿಸಿಷನ್ ಟಿ7600, ಎರಡು ಪ್ರೊಸೆಸರ್, 64 ಜಿಬಿ, 22,000 ರೂ. ನನ್ನ ಕೈಯಲ್ಲಿ 20 ಸಾವಿರ ಇದೆ. ಸೋದರಮಾವ ‘ಗುಜರಿ ಮನೆಗೆ ತರಬೇಡ, ಅದೇ ದುಡ್ಡಿಗೆ ಹೊಸ ಲ್ಯಾಪ್‌ಟಾಪ್ ತಗೋ’ ಅನ್ನುತ್ತಾರೆ. ಯಾವುದು ತಗೊಳ್ಳಲಿ? ತಂದ ಮೇಲೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಝಡ್440 ತನ್ನಿ. ಆದರೆ ಬಾಯಿಮಾತು ನಂಬಿ ದುಡ್ಡು ಎಣಿಸಬೇಡಿ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ. ನಿಮ್ಮ ಮೊದಲ ಪಾಠ ಆ ಅಂಗಡಿಯ ಕೌಂಟರಿನ ಮೇಲೇ ಆಗಿಬಿಡಲಿ.

ಮೊದಲು ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ. ಪ್ರಾಜೆಕ್ಟ್ ವರದಿ, ಆನ್‌ಲೈನ್ ಅರ್ಜಿ, ವಿಡಿಯೊ ಪಾಠ ಇಷ್ಟೇ ಬೇಕು ಅನ್ನುವವರಿಗೆ ಹತ್ತು ವರ್ಷ ದುಡಿದ ಯಂತ್ರ ಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಆದರೆ 20 ಸಾವಿರಕ್ಕೆ ಸಿಗುವ ಹೊಸ ಲ್ಯಾಪ್‌ಟಾಪ್ ಅಂದರೆ ಸಾಮಾನ್ಯವಾಗಿ ಬಡಪಾಯಿ ಪ್ರೊಸೆಸರ್, ಬೋರ್ಡಿಗೇ ಬೆಸೆದ 4 ಅಥವಾ 8 ಜಿಬಿ ರ‍್ಯಾಮ್. ಅದನ್ನು ಬಿಚ್ಚುವ ಹಾಗಿಲ್ಲ, ಹೆಚ್ಚಿಸುವ ಹಾಗಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಕೆಡಿಸುವ ಹಾಗಿಲ್ಲ. ನಾಳೆ ಇಂಟರ್ನಲ್ಸ್ ಇರುವಾಗ ನೋಟ್ಸ್ ಇಟ್ಟಿರುವ ಲ್ಯಾಪ್‌ಟಾಪಿನ ಬೂಟ್‌ಲೋಡರನ್ನು (ಲಿನಕ್ಸನ್ನೋ ವಿಂಡೋಸನ್ನೋ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಯಾರು ತಾನೆ ಧೈರ್ಯವಾಗಿ ಅಳಿಸುತ್ತಾರೆ? ಅಡ್ಮಿನ್ ಆಗುವವರು ಅದನ್ನು ಹತ್ತು ಸಲವಾದರೂ ಅಳಿಸಿ ಮತ್ತೆ ಕೂರಿಸಿರಬೇಕು. ಅಣ್ಣನ ಲ್ಯಾಪ್‌ಟಾಪ್ ಹಾಗೇ ಇರಲಿ, ಅದರಲ್ಲಿರುವ ವಿಂಡೋಸ್ ಕೂಡ ಇರಲಿ. ಹೊಸ ಡಬ್ಬ ಕೈಕೊಟ್ಟ ರಾತ್ರಿ ಪರಿಹಾರ ಹುಡುಕಲು ಬೇರೆ ಯಂತ್ರ ಬೇಕೇ ಬೇಕು.

‘ಗುಜರಿ’ ಅನ್ನುವ ಮಾತಿಗೂ ಒಂದು ತಿದ್ದುಪಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ ಕೆಟ್ಟದ್ದಕ್ಕಲ್ಲ, ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೇ ಕಚೇರಿಗಳಿಂದ ಹೊರಬಿದ್ದ ಯಂತ್ರಗಳು ಎಷ್ಟೋ. ಅವುಗಳ ಒಳಗೆ ಕೈ ಹಾಕಿ ನೋಡಿದರೆ ತಗಡಿನ ದಪ್ಪ, ಸ್ಕ್ರೂ ಇಲ್ಲದೆ ಬಿಚ್ಚುವ ಬಾಗಿಲು, ಎಂಟು ರ‍್ಯಾಮ್ ಸ್ಲಾಟು. ಇವತ್ತಿನ ಅಗ್ಗದ ಡೆಸ್ಕ್‌ಟಾಪಿನಲ್ಲಿ ಇದು ಕಾಣಸಿಗುವುದಿಲ್ಲ.

ಈಗ 12 ಸಾವಿರದ್ದು ಬಿಟ್ಟು 17 ಸಾವಿರದ್ದು ಏಕೆ ಅನ್ನುವುದು. ಅಂಗಡಿಯವರು ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅಂತ ಹೇಳಿರುತ್ತಾರೆ. ಆ ಲೆಕ್ಕದಲ್ಲಿ ಎರಡೂ ಒಂದೇ: ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಹಳೆಯದರ ವೇಗ 3.6, ಹೊಸದರದ್ದು 3.5. ಬರೀ ಅಂಕಿ ನೋಡಿದರೆ ಹಳೆಯದೇ ಒಂದು ಕೈ ಮೇಲೆ. ವ್ಯತ್ಯಾಸ ಇರುವುದು ತಲೆಮಾರಿನಲ್ಲಿ. ಇ5-1620 ಬಂದದ್ದು 2012ರಲ್ಲಿ, ಅದು ಸ್ಯಾಂಡಿ ಬ್ರಿಜ್ ಬಳಗದ್ದು. ಕೊನೆಯಲ್ಲಿ ‘ವಿ3’ ಇರುವುದು 2014ರ ಹ್ಯಾಸ್ವೆಲ್. ಹ್ಯಾಸ್ವೆಲ್‌ನಲ್ಲಿ ಎವಿಎಕ್ಸ್2 ಎಂಬ ಹೊಸ ಸೂಚನೆಗಳ ಗುಂಪು ಸೇರಿತು. ಹಳೆಯದಕ್ಕೆ ಆ ಸೂಚನೆಗಳು ತಿಳಿಯುವುದೇ ಇಲ್ಲ. ಹಳೇ ಅಡುಗೆಭಟ್ಟರಿಗೆ ‘ಗೋಬಿ ಮಂಚೂರಿ ಮಾಡಿ’ ಅಂದ ಹಾಗೆ: ಕೈ ಪಳಗಿದೆ, ಆ ತಿಂಡಿಯ ಹೆಸರೇ ಕೇಳಿಲ್ಲ.

ನಿಮಗೇಕೆ ಇದು ಮುಖ್ಯ? ಕೆಲಸ ಹುಡುಕುವಾಗ ರೆಡ್‌ಹ್ಯಾಟ್ ಬಳಗದ ಲಿನಕ್ಸ್ ಎದುರಾಗಿಯೇ ಆಗುತ್ತದೆ. ಆ ಬಳಗದ 9ನೇ ಆವೃತ್ತಿ ಹಳೆಯ ಪ್ರೊಸೆಸರಿನಲ್ಲೂ ಓಡುತ್ತದೆ. 2025ರಲ್ಲಿ ಬಂದ 10ನೇ ಆವೃತ್ತಿಗೆ ‘ಎಕ್ಸ್86-64-ವಿ3’ ಎಂಬ ಮಟ್ಟ ಬೇಕು, ಅದರಲ್ಲಿ ಎವಿಎಕ್ಸ್2 ಸೇರಿದೆ. ಝಡ್420ರಲ್ಲಿ ಅದನ್ನು ಹಾಕಹೋದರೆ ‘ಈ ಸಿಪಿಯು ಆ ಮಟ್ಟದ್ದಲ್ಲ’ ಅಂತ ಒಂದು ಸಾಲು ಬಂದು ಶುರುವಿನಲ್ಲೇ ನಿಂತುಬಿಡುತ್ತದೆ. ವರ್ಚುವಲ್ ಮೆಷಿನ್ (ಯಂತ್ರದೊಳಗೊಂದು ಸಾಫ್ಟ್‌ವೇರ್ ಯಂತ್ರ) ಒಳಗೆ ಹಾಕಿದರಾಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಅವನ್ನು ಓಡಿಸುವ ಲಿನಕ್ಸ್‌ನ ಕೆವಿಎಂ ತನ್ನ ಮನೆಯ ಪ್ರೊಸೆಸರನ್ನೇ ಅತಿಥಿಗೂ ಕೊಡುತ್ತದೆ, ಮನೆಯಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದು ಬಡಿಸೀತು? ಅದೇ ಬಳಗದ ಆಲ್ಮಾಲಿನಕ್ಸ್‌ನವರು ಮಾತ್ರ 10ನೇ ಆವೃತ್ತಿಯನ್ನು ಹಳೆಯ ವಿ2 ಮಟ್ಟಕ್ಕೂ ಬೇರೆಯಾಗಿ ಕಟ್ಟಿ ಕೊಟ್ಟಿದ್ದಾರೆ. ಅದೊಂದು ದಾರಿ ಇದೆ. ಆದರೂ ಐದೂವರೆ ಸಾವಿರದ ವ್ಯತ್ಯಾಸಕ್ಕಾಗಿ ಕಲಿಕೆಯ ಮೊದಲ ದಿನದಿಂದಲೇ ಸುತ್ತುದಾರಿ ಹಿಡಿಯುವುದು ಏಕೆ?

ಝಡ್420ರ ಬಗ್ಗೆ ಅಂಗಡಿಯವರು ಇನ್ನೊಂದು ಆಸೆ ತೋರಿಸಬಹುದು: ‘ಮುಂದೆ ಬೇಕಾದರೆ ವಿ2 ಪ್ರೊಸೆಸರ್ ಹಾಕ್ಕೊಳ್ಳಿ ಮೇಡಂ.’ (ಈ ವಿ2 ಅಂದರೆ ಝಿಯಾನ್‌ನ ತಲೆಮಾರು, ಮೇಲೆ ಹೇಳಿದ ಮಟ್ಟ ಅಲ್ಲ.) ಅದಕ್ಕೂ ಒಂದು ಕೊಕ್ಕೆ ಇದೆ. ಆ ಬೋರ್ಡಿನ ಬಯಾಸ್ (ಯಂತ್ರ ಆನ್ ಆದಾಗ ಮೊದಲು ಏಳುವ ಸಾಫ್ಟ್‌ವೇರ್) ಒಳಗಿನ ಬೂಟ್‌ಬ್ಲಾಕ್ ತಾರೀಖು 2013ರದ್ದಾದರೆ ವಿ2 ನಡೆಯುತ್ತದೆ. 2011ರದ್ದಾದರೆ ಬಯಾಸ್ ಎಷ್ಟು ಸಲ ಅಪ್‌ಡೇಟ್ ಮಾಡಿದರೂ ನಡೆಯದು. ನಡೆದರೂ ವಿ2ಗೆ ಎವಿಎಕ್ಸ್2 ಬರುವುದಿಲ್ಲ.

ಟಿ7600 ನೋಡಿದರೆ ಯಾರಿಗೂ ಬಾಯಲ್ಲಿ ನೀರೂರುತ್ತದೆ, 64 ಜಿಬಿ ಅಲ್ಲವೇ. ಬೇಡ. ಅದು ಬಜೆಟ್ ಮೀರುತ್ತದೆ ಅನ್ನುವುದು ಚಿಕ್ಕ ಕಾರಣ. ಅದರ ಎರಡೂ ಪ್ರೊಸೆಸರ್ ಝಡ್420ರ ತಲೆಮಾರಿನವೇ. ಅದರ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಒದಗಿಸುವ ಡಬ್ಬ) 1,300 ವ್ಯಾಟಿನದು. ಅಷ್ಟನ್ನೂ ಸದಾ ಎಳೆಯುತ್ತದೆ ಅಂತಲ್ಲ, ಆದರೆ ನಿಮ್ಮ ಮನೆಯ ಚಿಕ್ಕ ಯುಪಿಎಸ್ ಅದನ್ನು ಕಂಡರೆ ಕೈ ಮುಗಿಯುತ್ತದೆ. ಇನ್ನು ಫ್ಯಾನ್ ಸದ್ದು. ಮಲಗುವ ಕೋಣೆಯಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡು ನಾನು ಎರಡು ವರ್ಷ ಮನೆಯವರ ಬೈಗುಳ ತಿಂದಿದ್ದೇನೆ.

ಸತ್ಯ ಹೇಳಬೇಕೆಂದರೆ, ವರ್ಕ್‌ಸ್ಟೇಷನ್ನೇ ಬೇಕೆಂಬ ಹಟ ಇಲ್ಲದಿದ್ದರೆ ಆರನೇ ತಲೆಮಾರಿನ ಐ5 ಇರುವ ಸಾಧಾರಣ ಆಫೀಸ್ ಡೆಸ್ಕ್‌ಟಾಪ್ ಕೂಡ ಸಾಕು. ಎವಿಎಕ್ಸ್2 ಅದರಲ್ಲೂ ಇದೆ, ಕರೆಂಟೂ ಕಡಿಮೆ. ವರ್ಕ್‌ಸ್ಟೇಷನ್ ಹೆಚ್ಚಿಗೆ ಕೊಡುವುದು ಮೂರನ್ನು: ಕೈಗೆಟುಕುವ ಡಿಸ್ಕ್ ಜಾಗ, ಬೆಳೆಸಲು ಎಂಟು ಸ್ಲಾಟು, ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್. ಸರ್ವರ್ ಕೆಲಸಕ್ಕೆ ಹೊರಟವರು ಇದನ್ನು ಮುಟ್ಟಿ ನೋಡಿರಬೇಕು ಅನ್ನುವುದಕ್ಕೇ ನಾನು ಝಡ್440 ಅಂದದ್ದು.

ಇನ್ನು ಅಂಗಡಿಗೆ. ಹೋಗುವ ಮೊದಲು ಅಣ್ಣನ ಲ್ಯಾಪ್‌ಟಾಪಿನಲ್ಲೇ ಒಂದು ಪೆನ್‌ಡ್ರೈವಿಗೆ ಸಿಸ್ಟಂರೆಸ್ಕ್ಯೂ ಎಂಬ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವಂಥದ್ದು) ಬರೆದುಕೊಳ್ಳಿ. ಡಿಸ್ಕ್ ಪರೀಕ್ಷೆ, ಮೆಮೊರಿ ಪರೀಕ್ಷೆ, ಡಿಸ್ಕ್ ಒರೆಸುವುದು ಎಲ್ಲಕ್ಕೂ ಬೇಕಾದ ಸಲಕರಣೆ ಅದರಲ್ಲಿದೆ. ಎಚ್‌ಪಿ ಯಂತ್ರ ಆನ್ ಆಗುತ್ತಿದ್ದಂತೆ ಎಫ್9 ಒತ್ತಿದರೆ ಬೂಟ್ ಮೆನು, ಎಫ್10 ಒತ್ತಿದರೆ ಬಯಾಸ್. ಎಫ್10 ಒತ್ತಿದಾಗ ಪಾಸ್‌ವರ್ಡ್ ಕೇಳಿತೋ, ಅಲ್ಲೇ ನಿಲ್ಲಿಸಿ. ಹಿಂದಿನ ಕಂಪನಿ ಹಾಕಿದ ಬೀಗ ಅದು. ಬೋರ್ಡಿನ ಮೇಲಿನ ಪಾಸ್‌ವರ್ಡ್ ಜಂಪರ್ ಕಿತ್ತರೆ ಬೀಗ ಹೋಗುತ್ತದೆ, ಆ ಕೆಲಸ ಅಂಗಡಿಯವರೇ ಮಾಡಿಕೊಡಲಿ.

ಮುಂದಿನದು ಇಪ್ಪತ್ತು ನಿಮಿಷದ ಕೆಲಸ. (ಕಮಾಂಡುಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಜಾಗ ಬಿಡದೆ.) ‘ಎಲ್‌ಎಸ್‌ಸಿಪಿಯು’ ಅಂತ ಹೊಡೆಯಿರಿ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ವಿ3 ಇದೆಯೇ, ಕೆಳಗಿನ ಉದ್ದದ ಪಟ್ಟಿಯಲ್ಲಿ ಎವಿಎಕ್ಸ್2 ಇದೆಯೇ, ವರ್ಚುವಲೈಸೇಶನ್ ಎದುರಿಗೆ ವಿಟಿ-ಎಕ್ಸ್ ಅಂತ ಬಂದಿದೆಯೇ ನೋಡಿ. ಕೊನೆಯದು ಕಾಣದಿದ್ದರೆ ಗಾಬರಿ ಬೇಡ, ಬಯಾಸ್‌ನಲ್ಲಿ ಮುಚ್ಚಿಟ್ಟಿರುತ್ತಾರೆ. ಆಮೇಲೆ ‘ಡಿಎಂಐಡಿಕೋಡ್’. ಇದಕ್ಕೆ ಮೆಮೊರಿ ವಿಭಾಗವನ್ನಷ್ಟೇ ತೋರಿಸು ಅನ್ನಬಹುದು. ಯಾವ ಸ್ಲಾಟಿನಲ್ಲಿ ಎಷ್ಟು ಜಿಬಿ ಕೂತಿದೆ ಅಂತ ಡಬ್ಬ ಬಿಚ್ಚದೆಯೇ ಹೇಳುತ್ತದೆ. ಅಲ್ಲಿ ಒಟ್ಟು ಅಗಲ 72 ಬಿಟ್, ಡೇಟಾ ಅಗಲ 64 ಬಿಟ್ ಅಂತ ಕಂಡರೆ ಅದು ನಿಜವಾದ ಇಸಿಸಿ. ಹೆಚ್ಚಿನ ಆ 8 ಬಿಟ್ಟುಗಳೇ ತಪ್ಪು ಕಾಯುವ ಕಾವಲುಗಾರರು. ಎರಡೂ ಕಡೆ 64 ಇದ್ದರೆ ಅದು ಇಸಿಸಿ ಅಲ್ಲ. 16 ಜಿಬಿ ಅನ್ನುವುದು ಎಂಟರ ಎರಡು ಸ್ಟಿಕ್ ಆಗಿದ್ದರೆ ಒಳ್ಳೆಯದು, ಖಾಲಿ ಸ್ಲಾಟು ಹೆಚ್ಚು ಉಳಿಯುತ್ತವೆ.

ರ‍್ಯಾಮ್ ವಿಷಯದಲ್ಲಿ ನಾನೇ ಮುಗ್ಗರಿಸಿದ್ದೇನೆ. ವರ್ಷಗಳ ಹಿಂದೆ ಹಳೆಯ ವರ್ಕ್‌ಸ್ಟೇಷನ್ನಿಗೆಂದು ಸರ್ವರಿನಿಂದ ತೆಗೆದ ನಾಲ್ಕು ಸ್ಟಿಕ್ ಅಗ್ಗಕ್ಕೆ ಕೊಂಡೆ. ಸ್ಲಾಟಿಗೆ ಸರಿಯಾಗಿ ಕೂತವು, ಯಂತ್ರ ಮಾತ್ರ ಕಣ್ಣು ಬಿಡಲಿಲ್ಲ. ಬೋರ್ಡು ಕೇಳುತ್ತಿದ್ದದ್ದು ಅನ್‌ಬಫರ್ಡ್, ನಾನು ತಂದದ್ದು ರಿಜಿಸ್ಟರ್ಡ್. ಆಕಾರ ಒಂದೇ, ಜಾತಿ ಬೇರೆ. ಝಡ್440 ಇದಕ್ಕೆ ತದ್ವಿರುದ್ಧ: ಅದಕ್ಕೆ ರಿಜಿಸ್ಟರ್ಡ್ ಇಸಿಸಿ ಡಿಡಿಆರ್4 ಬೇಕು, ಮನೆಯ ಡೆಸ್ಕ್‌ಟಾಪಿನ ಡಿಡಿಆರ್4 ಒಪ್ಪುವುದಿಲ್ಲ. ಮುಂದೆ ರ‍್ಯಾಮ್ ಹೆಚ್ಚಿಸುವಾಗ ಈಗಿರುವ ಸ್ಟಿಕ್ಕಿನ ಫೋಟೊ ತೋರಿಸಿಯೇ ಕೇಳಿ.

ಡಿಸ್ಕಿನ ಜಾತಕ ಹೇಳುವುದು ‘ಸ್ಮಾರ್ಟ್‌ಸಿಟಿಎಲ್’. ಎಷ್ಟು ಗಂಟೆ ಓಡಿದೆ ಅನ್ನುವ ಸಾಲು ಹುಡುಕಿ. 35 ಸಾವಿರ ಗಂಟೆ ಅಂದರೆ ನಾಲ್ಕು ವರ್ಷ ಹಗಲೂ ರಾತ್ರಿ ದುಡಿದಿದೆ ಅಂತ. ಗಂಟೆ ಹೆಚ್ಚಿದ್ದರೂ ಕಲಿಯಲು ಅಡ್ಡಿಯಿಲ್ಲ. ಅಡ್ಡಿಯಾಗುವುದು 5, 197, 198ನೇ ಸಾಲುಗಳು: ಬೇರೆಡೆಗೆ ಸರಿಸಿದ ಸೆಕ್ಟರ್, ಅನುಮಾನದಲ್ಲಿರುವ ಸೆಕ್ಟರ್, ಓದಲಾಗದ ಸೆಕ್ಟರ್. ಮೂರರಲ್ಲೂ ಕೊನೆಯ ಕಾಲಂನಲ್ಲಿ ಬರೀ ಸೊನ್ನೆ ಇರಬೇಕು. ಇಲ್ಲದಿದ್ದರೆ ಬೇರೆ ಡಿಸ್ಕ್ ಕೇಳಿ, ಇಂಥ ಅಂಗಡಿಗಳಲ್ಲಿ ಬುಟ್ಟಿ ತುಂಬ ಇರುತ್ತವೆ. ಪ್ರೊಸೆಸರಿಗೆ ಹತ್ತು ನಿಮಿಷ ಕೆಲಸ ಕೊಡಿ, ‘ಓಪನ್‌ಎಸ್‌ಎಸ್‌ಎಲ್’ನ ಸ್ಪೀಡ್ ಪರೀಕ್ಷೆಯನ್ನು ಎಂಟೂ ಥ್ರೆಡ್‌ಗಳಲ್ಲಿ ಓಡಿಸಿದರೆ ಸಾಕು. ಆಗ ಯಂತ್ರ ತಾನಾಗಿ ಆಫ್ ಆದರೆ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಎಸ್‌ಎಂಪಿಎಸ್ ಸೋತಿದೆ. ಎರಡನೆಯದಾದರೆ ಆ ಯಂತ್ರ ಬಿಟ್ಟುಬಿಡಿ. ಇವುಗಳ ಎಸ್‌ಎಂಪಿಎಸ್ ಆಯಾ ಕಂಪನಿಯದೇ ವಿನ್ಯಾಸ, ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ಸಿನ ಕನೆಕ್ಟರ್ ಕೂರುವುದಿಲ್ಲ.

ಮೆಮೊರಿ ಪರೀಕ್ಷೆ ಅಂಗಡಿಯಲ್ಲಿ ಬೇಡ, ಗಂಟೆಗಟ್ಟಲೆ ಹಿಡಿಯುತ್ತದೆ. ಬದಲಿಗೆ ಟೆಸ್ಟಿಂಗ್ ವಾರಂಟಿ ಕೇಳಿ, ಯಂತ್ರದ ಸೀರಿಯಲ್ ನಂಬರ್ ಸಮೇತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮನೆಗೆ ಬಂದ ಮೊದಲ ರಾತ್ರಿಯೇ ಮೆಮ್‌ಟೆಸ್ಟ್ ಹಚ್ಚಿಟ್ಟು ಮಲಗಿ.

ಕೆ620 ಕಾರ್ಡಿನಲ್ಲಿ ಒಂದು ಡಿವಿಐ, ಒಂದು ಡಿಸ್‌ಪ್ಲೇ ಪೋರ್ಟ್ ಇರುತ್ತದೆ. ಡಿವಿಐ ಕಿಂಡಿಯಲ್ಲಿ ಚಪ್ಪಟೆ ಸೀಳಿನ ಸುತ್ತ ನಾಲ್ಕು ತೂತು ಕಂಡರೆ ನಿಮ್ಮ ವಿಜಿಎ ಮಾನಿಟರಿಗೆ ಅಗ್ಗದ ಕನ್ವರ್ಟರ್ ಸಾಕು. ಈ ಝಿಯಾನ್‌ಗಳಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ, ‘ಕಾರ್ಡ್ ಬೇಡ, ಸಾವಿರ ಕಮ್ಮಿ ಮಾಡ್ತೀನಿ’ ಅಂದರೆ ಒಪ್ಪಬೇಡಿ. ವೈ-ಫೈ ಕೂಡ ಇರಲಿಕ್ಕಿಲ್ಲ. ಅದಕ್ಕೆ ಖರ್ಚು ಮಾಡಬೇಕಿಲ್ಲ, ಫೋನನ್ನು ಯುಎಸ್‌ಬಿ ಕೇಬಲ್ಲಿಂದ ಜೋಡಿಸಿ ಟೆದರಿಂಗ್ ಹಾಕಿದರೆ ಲಿನಕ್ಸ್ ತಕ್ಷಣ ಗುರುತಿಸುತ್ತದೆ. ಉಳಿದ ಎರಡೂವರೆ ಸಾವಿರದಲ್ಲಿ ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಹಳೆಯ ಯಂತ್ರಕ್ಕೆ ಜೀವ ಬರುವುದು ಅದರಿಂದಲೇ.

ಇಲ್ಲೊಂದು ಅಡ್ಡಮಾತು. ನಾನು ಕಲಿಯುತ್ತಿದ್ದ ಕಾಲದಲ್ಲಿ ವರ್ಕ್‌ಸ್ಟೇಷನ್ ಅಂದರೆ ಸನ್, ಎಸ್‌ಜಿಐ ಕಂಪನಿಗಳದ್ದು. ಸ್ಕ್ರ್ಯಾಪಿನವರಿಂದ ಒಂದು ಸನ್ ಅಲ್ಟ್ರಾ 5 ತಂದಿದ್ದೆ, ಕೀಬೋರ್ಡೇ ಇರಲಿಲ್ಲ. ಕೀಬೋರ್ಡ್ ಕಾಣದಿದ್ದರೆ ಅದು ತನ್ನ ಮಾತನ್ನೆಲ್ಲ ಸೀರಿಯಲ್ ಪೋರ್ಟಿಗೆ ಕಳಿಸುತ್ತದೆ. ಹಾಗಾಗಿ ಗತ್ಯಂತರವಿಲ್ಲದೆ ಸೀರಿಯಲ್ ಕನ್ಸೋಲ್ ಕಲಿತೆ, ಮುಂದೆ ಅನ್ನ ಕೊಟ್ಟದ್ದು ಅದೇ. ಅದರ ಗಡಿಯಾರದ ಚಿಪ್ಪಿನೊಳಗೇ ಬ್ಯಾಟರಿ ಇತ್ತು. ಅದು ಸತ್ತಾಗ ಯಂತ್ರ ತನ್ನ ನೆಟ್‌ವರ್ಕ್ ವಿಳಾಸವನ್ನೇ ಮರೆತುಬಿಟ್ಟಿತು. ಇಂಥದ್ದೇನಾದರೂ ಅಗ್ಗಕ್ಕೆ ಸಿಕ್ಕರೆ ಚಂದಕ್ಕೆ ತನ್ನಿ, ಕಲಿಕೆಗೆ ಬೇಡ. ಡೆಬಿಯನ್ ಎಂಬ ಲಿನಕ್ಸ್‌ನ ಅಧಿಕೃತ ಬಿಡುಗಡೆಯಿಂದ ಸ್ಪಾರ್ಕ್ (ಸನ್ ಯಂತ್ರಗಳ ಪ್ರೊಸೆಸರ್) ಹೋಗಿ ಎಷ್ಟೋ ವರ್ಷವಾಯಿತು. 2025ರ ಡೆಬಿಯನ್ 13ರಿಂದ 32 ಬಿಟ್ ಇಂಟೆಲ್ ಯಂತ್ರಗಳಿಗೂ ಇನ್‌ಸ್ಟಾಲರ್ ಇಲ್ಲ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಬಾಗಿಲು ತೆಗೆದು ಧೂಳು ಹೊಡೆಯುವುದು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿಯಿರಿ, ಗಿರಗಿರ ಸುತ್ತಲು ಬಿಟ್ಟರೆ ಬೇರಿಂಗ್ ಹಾಳು. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆತ ಉಳಿದಿರುತ್ತದೆ. ನಮ್ಮ ಮನೆಗಳ ಹಲ್ಲಿಗಳಿಗೆ ಅದರ ಬಿಸಿ ಬಲು ಇಷ್ಟ. ಹಿಂಬದಿಯ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಇಲ್ಲದಿದ್ದರೆ ರಟ್ಟಾದರೂ ಕತ್ತರಿಸಿ ಮುಚ್ಚಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಅಂತ ತಿಳಿದು ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಅದಾಗುವವರೆಗೆ ಆ ಯಂತ್ರ ಹಚ್ಚಬೇಡಿ.

ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಕಣ್ಣು ಮುಚ್ಚಿಕೊಂಡು ಬದಲಿಸಿ. ಅದು ಸತ್ತರೆ ಪ್ರತಿ ಸಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಇಳಿಸುವ ‘ಎಪಿಟಿ’ ಹೊಸದೇನನ್ನೂ ತರಲು ಒಪ್ಪುವುದಿಲ್ಲ. ರಿಲೀಸ್ ಫೈಲ್ ಇನ್ನೂ ಜಾರಿಗೇ ಬಂದಿಲ್ಲ ಅನ್ನುತ್ತದೆ, ಯಾಕೆಂದರೆ ಯಂತ್ರದ ಪ್ರಕಾರ ಆ ದಿನವೇ ಬಂದಿಲ್ಲ. ನೆಟ್ ಸರಿ ಇದೆ, ಎಲ್ಲ ಸರಿ ಇದೆ, ಆದರೂ ಏನೂ ಇಳಿಯುತ್ತಿಲ್ಲ ಅಂತ ಎಷ್ಟೋ ಹುಡುಗರು ರಾತ್ರಿಯೆಲ್ಲ ಒದ್ದಾಡಿದ್ದನ್ನು ನೋಡಿದ್ದೇನೆ. ಔಷಧಿ ಆ ಸೆಲ್ಲು.

ಡಿಸ್ಕಿನಲ್ಲಿ ಹಿಂದಿನ ಕಂಪನಿಯ ಕಡತ ಉಳಿದಿರಬಹುದು. ಇಣುಕಬೇಡಿ. ‘ಎನ್‌ವೈಪ್’ ಓಡಿಸಿ ಪೂರ್ತಿ ಒರೆಸಿ, ಆಮೇಲೆ ಇನ್‌ಸ್ಟಾಲ್.

ಎಸ್‌ಎಸ್‌ಡಿಗೆ ಡೆಬಿಯನ್ 13 ಹಾಕಿ. ಯಾವ ಡಿಸ್ಟ್ರೊ (ಲಿನಕ್ಸ್‌ನ ಬಗೆ) ಚೆಂದ ಎಂಬ ಜಗಳಕ್ಕೆ ನಾನಿಲ್ಲ. ಡೆಬಿಯನ್ ಅಂದದ್ದು ಎರಡು ವರ್ಷ ಅಲುಗಾಡದೆ ಇರುತ್ತದೆ ಎಂಬ ಕಾರಣಕ್ಕೆ. ಕೆ620ಗೆ ಅದರಲ್ಲೇ ಬರುವ ನೂವೊ ಡ್ರೈವರ್ ಸಾಕು, ಎನ್ವಿಡಿಯಾದ ಡ್ರೈವರ್ ಹಾಕುವ ಸಾಹಸ ಸದ್ಯಕ್ಕೆ ಬೇಡ. ಇನ್‌ಸ್ಟಾಲರ್ ರೂಟ್ (ಎಲ್ಲ ಅಧಿಕಾರವೂ ಇರುವ ಖಾತೆ) ಪಾಸ್‌ವರ್ಡ್ ಕೇಳುವ ಕಡೆ ಸ್ವಲ್ಪ ನಿಲ್ಲಿ. ಅಲ್ಲಿ ಖಾಲಿ ಬಿಟ್ಟರೆ ರೂಟ್ ಖಾತೆಗೆ ಬೀಗ ಬಿದ್ದು ನಿಮ್ಮ ಖಾತೆಗೆ ಸುಡೊ ಅಧಿಕಾರ ಸಿಗುತ್ತದೆ. ಖಾಲಿಯೇ ಬಿಡಿ ಅನ್ನುತ್ತೇನೆ. ಅದರಿಂದ ಮುಂದೆ ಒಂದು ಇಕ್ಕಟ್ಟು ಬರುತ್ತದೆ, ಆ ಇಕ್ಕಟ್ಟು ನಿಮಗೆ ಬೇಕು.

ಅದು ಹೀಗೆ. ‘ಇಟಿಸಿ’ ಫೋಲ್ಡರಿನಲ್ಲಿ ‘ಎಫ್‌ಎಸ್‌ಟ್ಯಾಬ್’ ಎಂಬ ಫೈಲ್ ಇದೆ, ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ. ಅದಕ್ಕೆ ಇಲ್ಲದ ಡಿಸ್ಕಿನದೊಂದು ಸಾಲು ಬೇಕೆಂದೇ ಸೇರಿಸಿ ರೀಬೂಟ್ ಮಾಡಿ. ಒಂದೂವರೆ ನಿಮಿಷ ಯಂತ್ರ ಆ ಡಿಸ್ಕಿಗಾಗಿ ಕಾಯುತ್ತದೆ, ಬರದಿದ್ದಾಗ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಅಲ್ಲಿ ರೂಟ್ ಆಗಿ ಒಳಗೆ ಬಂದು ಸರಿಪಡಿಸಬೇಕು, ಆದರೆ ರೂಟ್ ಖಾತೆಗೆ ಬೀಗ! ಬಾಗಿಲಲ್ಲೇ ನಿಂತುಬಿಟ್ಟಿರಿ. ಈಗ ಅಂಗಡಿಗೆ ಒಯ್ದ ಅದೇ ಪೆನ್‌ಡ್ರೈವ್ ತೆಗೆಯಿರಿ. ಅದರಿಂದ ಬೂಟ್ ಮಾಡಿ, ಎಸ್‌ಎಸ್‌ಡಿಯ ರೂಟ್ ಪಾರ್ಟಿಷನ್ ಮೌಂಟ್ ಮಾಡಿ, ಆ ಸಾಲು ಅಳಿಸಿ. ಇನ್ನೊಮ್ಮೆ ಅದೇ ತಪ್ಪು ಸಾಲನ್ನು ‘ನೋಫೇಲ್’ ಎಂಬ ಪದ ಸೇರಿಸಿ ಬರೆಯಿರಿ, ಈ ಸಲ ಯಂತ್ರ ತಲೆ ಕೆಡಿಸಿಕೊಳ್ಳದೆ ಮೇಲೇಳುತ್ತದೆ. ಇದು ಮಕ್ಕಳಾಟ ಅಂತ ಅನ್ನಿಸಬಹುದು. ನಾನು ಕೆಲಸಕ್ಕಿದ್ದ ಕಡೆ ಒಂದು ರಾತ್ರಿ ಎರಡು ಗಂಟೆಗೆ ಮುಖ್ಯ ಸರ್ವರ್ ರೀಬೂಟ್ ಆಗಿ ಮೇಲೇಳಲೇ ಇಲ್ಲ. ಆರು ತಿಂಗಳ ಹಿಂದೆ ಯಾರೋ ಬರೆದ ಒಂದು ಸಾಲು ಕಾರಣ. ಆ ಯಾರೋ ನಾನೇ.

ಇದಾದ ಮೇಲೆ ಬೂಟ್‌ಲೋಡರ್. ಗ್ರಬ್ ಅಳಿಸಿ, ಪೆನ್‌ಡ್ರೈವಿನಿಂದ ಒಳಗೆ ಬಂದು ‘ಸಿಎಚ್‌ರೂಟ್’ ಮಾಡಿ (ಅಂದರೆ ಎಸ್‌ಎಸ್‌ಡಿಯಲ್ಲಿರುವ ಲಿನಕ್ಸ್ ಒಳಗೆ ಹೊಕ್ಕು) ಮತ್ತೆ ಕೂರಿಸಿ. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ, ಐದನೇ ಸಲಕ್ಕೆ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಡೆವ್, ಪ್ರೊಕ್, ಸಿಸ್ ಮೂರನ್ನೂ ಬೈಂಡ್ ಮೌಂಟ್ ಮಾಡುವುದನ್ನು ಎಲ್ಲರೂ ಒಮ್ಮೆ ಮರೆಯುತ್ತಾರೆ, ನೀವೂ ಮರೆಯುತ್ತೀರಿ.

ಹಳೆಯ ಡಿಸ್ಕು ಇನ್ನೊಂದು ಸಿಕ್ಕಿದರೆ ಎರಡನ್ನೂ ‘ಎಂಡಿಎಡಿಎಂ’ನಿಂದ ರೇಡ್ 1 ಮಾಡಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಅದಕ್ಕೆ ನಿಮ್ಮ ಫೋಟೊ, ನೋಟ್ಸ್ ತುಂಬಿ. ಯಂತ್ರ ಆಫ್ ಮಾಡಿ ಒಂದು ಡಿಸ್ಕಿನ ಕೇಬಲ್ ಕಿತ್ತು ಮತ್ತೆ ಆನ್ ಮಾಡಿ. ‘ಪ್ರೊಕ್’ ಒಳಗಿನ ‘ಎಂಡಿಸ್ಟ್ಯಾಟ್’ ನೋಡಿದರೆ, ಮೊದಲು ಎರಡು ಯು ಇದ್ದ ಕಡೆ ಈಗ ಒಂದು ಯು, ಪಕ್ಕದಲ್ಲಿ ಒಂದು ಅಡಿಗೆರೆ. ಫೋಟೊಗಳು ಹಾಗೇ ಇರುತ್ತವೆ. ಕಿತ್ತ ಡಿಸ್ಕನ್ನು ಒರೆಸಿ ಮತ್ತೆ ಸೇರಿಸಿದರೆ ಶೇಕಡಾವಾರು ತುಂಬಿಕೊಳ್ಳುತ್ತ ಬರುವುದನ್ನು ಕೂತು ನೋಡಬಹುದು. ಎರಡನೇ ಡಿಸ್ಕಿಗೆ ದುಡ್ಡಿಲ್ಲದಿದ್ದರೆ ಒಂದೊಂದು ಜಿಬಿಯ ಎರಡು ಖಾಲಿ ಫೈಲ್ ಮಾಡಿ ‘ಲೂಪ್’ ಡಿಸ್ಕಾಗಿ ಬಳಸಿ. ಪಾಠ ಅದೇ, ಕೇಬಲ್ ಕೀಳುವ ಎದೆಬಡಿತ ಮಾತ್ರ ಸಿಗುವುದಿಲ್ಲ.

ಇಸಿಸಿ ಅಂದೆನಲ್ಲ, ಅದು ತಿದ್ದಿದ ತಪ್ಪುಗಳ ಲೆಕ್ಕವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟಿರುತ್ತದೆ. ‘ಸಿಸ್’ ಒಳಗೆ ‘ಇಡಿಎಸಿ’ ಫೋಲ್ಡರಿನಲ್ಲಿ ‘ಸಿಇ ಕೌಂಟ್’ ಎಂಬ ಫೈಲ್ ಹುಡುಕಿ. ಸೊನ್ನೆ ಇದ್ದರೆ ಒಳ್ಳೆಯದು. ವಾರವಾರವೂ ಏರುತ್ತಿದ್ದರೆ ಯಾವ ಸ್ಟಿಕ್ ಮುಪ್ಪಾಗಿದೆ ಅಂತಲೂ ಅಲ್ಲೇ ಸುಳಿವು ಸಿಗುತ್ತದೆ.

ಎರಡು ತಿಂಗಳಾದ ಮೇಲೆ ಕೆವಿಎಂ, ವರ್ಟ್‌ಮ್ಯಾನೇಜರ್ ಹಾಕಿಕೊಳ್ಳಿ. ತಲಾ 2 ಜಿಬಿಯ ಮೂರು ವರ್ಚುವಲ್ ಮೆಷಿನ್ ಆರಾಮವಾಗಿ ಓಡುತ್ತವೆ. ಒಂದರಲ್ಲಿ ಡಿಎನ್‌ಎಸ್ (ಹೆಸರು ಕೊಟ್ಟರೆ ನೆಟ್‌ವರ್ಕ್ ವಿಳಾಸ ಹೇಳುವ ಸರ್ವರ್), ಒಂದರಲ್ಲಿ ವೆಬ್ ಸರ್ವರ್, ಮೂರನೆಯದು ಇವೆರಡನ್ನೂ ಬಳಸುವ ಗಿರಾಕಿ. ಮೂರೂ ಆಲ್ಮಾಲಿನಕ್ಸ್ 10 ಆಗಿರಲಿ. ರೆಡ್‌ಹ್ಯಾಟೇ ಬೇಕೆಂದರೂ ವೈಯಕ್ತಿಕ ಡೆವಲಪರ್ ನೋಂದಣಿಯಲ್ಲಿ 16 ಯಂತ್ರಗಳವರೆಗೆ ಉಚಿತ. ಈ ಬಳಗದ ರೂಢಿಯ ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್. ಡೆಬಿಯನ್‌ನ ಎಕ್ಸ್‌ಟಿ4 ಅನ್ನು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು; ಇದನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಪಾರ್ಟಿಷನ್‌ಗೆ ಅಳತೆ ಕೊಡುವಾಗ ಕೈ ಬಿಗಿ ಇರಲಿ.

ಕರೆಂಟ್ ಬಿಲ್ಲಿನ ಪ್ರಶ್ನೆ ನೀವು ಕೇಳಲಿಲ್ಲ, ಮಾವನವರು ಕೇಳುತ್ತಾರೆ. ನನ್ನ ಮನೆಯ ಇದೇ ಬಗೆಯ ಯಂತ್ರ ಸುಮ್ಮನೆ ಕೂತಾಗ ಪ್ಲಗ್ ಮೀಟರಿನಲ್ಲಿ ಸುಮಾರು 70 ವ್ಯಾಟ್ ತೋರಿಸುತ್ತದೆ. ದಿನಕ್ಕೆ ಐದು ಗಂಟೆ ಹಚ್ಚಿದರೆ ತಿಂಗಳಿಗೆ ಹತ್ತೂವರೆ ಯೂನಿಟ್. ಸರ್ವರ್ ಅಲ್ಲವೇ ಅಂತ 24 ಗಂಟೆ ಬಿಟ್ಟರೆ 50 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಉಚಿತ ಇರುವುದು 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 (ಸರಾಸರಿ 48ಕ್ಕಿಂತ ಕಡಿಮೆ ಇದ್ದ ಮನೆಗೆ 10 ಯೂನಿಟ್) ಅಷ್ಟೇ. ಸರಾಸರಿ 60 ಇದ್ದ ಮನೆಗೆ 66. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಓದು ಮುಗಿದ ಮೇಲೆ ಆಫ್ ಮಾಡಿ ಮಲಗಿ. ಬಿಸಿಎ ಪಾಠಕ್ಕೆ ರಾತ್ರಿಯಿಡೀ ಓಡುವ ಸರ್ವರ್ ಬೇಕಿಲ್ಲ.

ಕನ್ನಡದಲ್ಲಿ ಟೈಪ್ ಮಾಡಲು ಐಬಸ್ ಎಂಬ ಕೀಲಿಮಣೆ ಸಾಫ್ಟ್‌ವೇರಿನ ಜೊತೆ ಎಂ17ಎನ್ ಹಾಕಿಕೊಂಡರೆ ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೆಜಿಪಿ ವಿನ್ಯಾಸ ಸಿಗುತ್ತದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ನೀವು ಕೆಡಿಸಿದ್ದನ್ನೂ ಸರಿಪಡಿಸಿದ್ದನ್ನೂ ತಾರೀಖು ಹಾಕಿ ಕನ್ನಡದಲ್ಲೇ ಬರೆದಿಡಿ. ಸಂದರ್ಶನಕ್ಕೆ ಹೋಗುವ ಹಿಂದಿನ ದಿನ ಓದಲು ಅದಕ್ಕಿಂತ ಒಳ್ಳೆಯ ನೋಟ್ಸ್ ಸಿಗುವುದಿಲ್ಲ.

ಇಷ್ಟೆಲ್ಲ ಬರೆದು ಯಂತ್ರ ಊರಿಗೆ ಬರುವುದನ್ನೇ ಮರೆತಿದ್ದೆ. ಭಾನುವಾರ ಹೋಗಬೇಡಿ, ಎಸ್.ಪಿ. ರಸ್ತೆಯಲ್ಲಿ ಬಹುತೇಕ ಅಂಗಡಿಗಳಿಗೆ ಬೀಗ. ಡಬ್ಬ ಹತ್ತು ಕೆ.ಜಿ. ಮೀರುತ್ತದೆ, ಅಣ್ಣನನ್ನೋ ಮಾವನವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮಾವನವರೇ ಬಂದರೆ ಇನ್ನೂ ಒಳ್ಳೆಯದು, ಪೆನ್‌ಡ್ರೈವ್ ಪರೀಕ್ಷೆ ಅವರ ಕಣ್ಣೆದುರೇ ನಡೆಯಲಿ. ರೈಲಿನಲ್ಲಿ ತರುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಅಂಗಡಿಯವರಿಂದ ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಕವರ್ ಕೇಳಿ ಅದರಲ್ಲಿಟ್ಟು ಬೇರೆ ತನ್ನಿ. ಸ್ಲಾಟಿನಲ್ಲೇ ಬಿಟ್ಟರೆ ಕುಲುಕಾಟಕ್ಕೆ ಸಡಿಲವಾಗುತ್ತದೆ. ಮನೆಯಲ್ಲಿ ಮತ್ತೆ ಕೂರಿಸಿ ಆನ್ ಮಾಡಿದಾಗ ಪರದೆ ಕಪ್ಪಗಿದ್ದು, ಪವರ್ ಬಟನ್ ಕೆಂಪಗೆ ಮಿನುಗುತ್ತ ಬೀಪ್ ಕೇಳಿಸಿದರೆ ಅಂಗಡಿಯವರಿಗೆ ಫೋನ್ ಮಾಡುವ ಮೊದಲು ಎಣಿಸಿ. ಐದು ಬೀಪ್ ಆದರೆ ರ‍್ಯಾಮ್, ಆರು ಆದರೆ ಗ್ರಾಫಿಕ್ಸ್ ಕಾರ್ಡ್. ಪ್ಲಗ್ ಕಿತ್ತು, ಅದನ್ನು ಹೊರತೆಗೆದು, ‘ಟಕ್’ ಅನ್ನುವವರೆಗೆ ಒತ್ತಿ ಮತ್ತೆ ಕೂರಿಸಿ.